ಆಕ್ಸಲ್ ಮುರಿದ ಕಾರಣ

ಸಣ್ಣ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಮುರಿದಾಗ ಅದನ್ನು ಬಿಚ್ಚಿ ನೋಡಿ, ಯಾಕೆ ಮುರಿಯಿತೆಂದು ಬರೆದುಕೊಡುವುದು ನನ್ನ ಕೆಲಸ. ಟ್ರ್ಯಾಕ್ಟರ್ ಮಾಡುವ ಕಂಪನಿಯೊಂದರ ಸರ್ವಿಸ್ ಇಂಜಿನಿಯರ್ ನಾನು. ಊರು ಹಾವೇರಿ ಕಡೆ, ಅನ್ನದ ಋಣ ಆಂಧ್ರದ್ದು. ಮೊದಲು ವಿಜಯವಾಡದಲ್ಲಿ ಆರು ವರ್ಷ, ಆಮೇಲೆ ವಿಶಾಖಪಟ್ಟಣ. ನಮ್ಮ ವರದಿಯ ಫಾರಮಿನಲ್ಲಿ ಗಾಡಿಯ ನಂಬರು, ಓಡಿದ ಗಂಟೆ, ಮುರಿದ ಭಾಗ ಎಲ್ಲ ತುಂಬಿದ ಮೇಲೆ ಕೊನೆಗೆ ‘ಕಾರಣ’ ಎಂಬ ಒಂದು ಕಾಲಮ್ಮು ಬರುತ್ತದೆ. ಬೇರೆ ಇಂಜಿನಿಯರುಗಳು ಅದರ ಮುಂದೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದರು. ನಾನು ಬೆಳಿಗ್ಗೆ ಆಕ್ಸಲ್ ಬಿಚ್ಚಿದರೆ ಮಧ್ಯಾಹ್ನದ ಊಟದೊಳಗೆ ಕಾರಣ ಬರೆದು ಸಹಿ ಹಾಕಿ ಮುಗಿಸುತ್ತಿದ್ದೆ. ಆ ಬಗ್ಗೆ ನನಗೆ ಸಾಕಷ್ಟು ಸೊಕ್ಕಿತ್ತು.

ನಿಜ ಹೇಳಬೇಕೆಂದರೆ ಕಾರಣಗಳು ಬಹಳ ಇಲ್ಲ. ಸೀಲು ಹರಿದು ಕೆಸರುನೀರು ಒಳಗೆ ಹೋದರೆ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗು ಹೋಗುತ್ತದೆ. ಮುಂದುಗಡೆ ಮಿತಿ ಮೀರಿ ಭಾರ ಹೊರಿಸಿದರೆ ಆಕ್ಸಲಿನ ಕವಚವೇ ಸೀಳುತ್ತದೆ. ಮೂರನೆಯದೇ ಎಲ್ಲಕ್ಕಿಂತ ಹೆಚ್ಚು: ಫೋರ್ ವೀಲ್ ಹಾಕಿಕೊಂಡೇ ಡಾಂಬರು ರಸ್ತೆಯಲ್ಲಿ ಓಡಿಸುವುದು. ಈ ಗಾಡಿಗಳಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಒಂದು ಚೂರು ಜೋರಾಗಿ ತಿರುಗುವಂತೆ ಗೇರಿನ ಹಲ್ಲು ಜೋಡಿಸಿರುತ್ತಾರೆ. ಕೆಸರಿನಲ್ಲಿ ಅದು ಒಳ್ಳೆಯದೇ, ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಚಕ್ರ ಜಾರುವುದಿಲ್ಲ. ಆ ತಿರುಚು ಒಳಗೊಳಗೇ ಸೇರುತ್ತಾ ಹೋಗಿ, ತಡೆಯಲಾರದ ಒಂದು ಗಳಿಗೆಯಲ್ಲಿ ಹಲ್ಲು ಮುರಿಯುತ್ತದೆ. ಆದ್ದರಿಂದ ಗದ್ದೆಯಿಂದ ರಸ್ತೆಗೆ ಹತ್ತಿದೊಡನೆ ಸೀಟಿನ ಪಕ್ಕದ ಲೀವರನ್ನು ಮೇಲಕ್ಕೆತ್ತಿ ಮುಂದಿನ ಚಕ್ರಗಳನ್ನು ಬಿಡಿಸಬೇಕು. ಕೆಳಗಿದ್ದರೆ ನಾಲ್ಕೂ ಚಕ್ರ ಎಳೆಯುತ್ತವೆ, ಮೇಲಿದ್ದರೆ ಹಿಂದಿನ ಎರಡು ಮಾತ್ರ. ಇಷ್ಟು ತಿಳಿದರೆ ಈ ಕತೆಗೆ ಬೇಕಾದ ಇಂಜಿನಿಯರಿಂಗ್ ಮುಗಿಯಿತು.

ಕೃಷ್ಣಾ ನದಿಯ ಬಯಲಿನ ಡ್ರೈವರುಗಳಿಗೆ ಒಂದು ಚಾಳಿಯಿತ್ತು. ನಾಟಿಗೆ ಮುಂಚೆ ಗದ್ದೆಯನ್ನು ಕೆಸರು ಮಾಡುತ್ತಾರಲ್ಲ, ಅಲ್ಲಿನವರು ದಮ್ಮು ಅನ್ನುತ್ತಾರೆ, ಆ ಕೆಲಸದಲ್ಲಿ ಗಾಡಿ ಕುಲುಕಾಡಿ ಲೀವರು ಆಗಾಗ ಮೇಲಕ್ಕೆ ನೆಗೆಯುತ್ತದೆ. ಹಾಗಾಗದಿರಲೆಂದು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಂತೆ ಸೀಳಿ, ಲೀವರಿಗೆ ಸುತ್ತಿ, ಕಾಲಿಡುವ ತಗಡಿನ ಅಂಚಿಗೆ ಬಿಗಿಯಾಗಿ ಕಟ್ಟುತ್ತಿದ್ದರು. ಸಂಜೆ ಅದೇ ಅವತಾರದಲ್ಲಿ ರಸ್ತೆಗೆ ಹತ್ತುತ್ತಿದ್ದರು. ಕಟ್ಟಿದ್ದನ್ನು ಬಿಚ್ಚಲು ಯಾರಿಗೆ ಪುರುಸೊತ್ತು? ಡ್ರೈವರುಗಳ ಶಿಬಿರಗಳಲ್ಲಿ ನಾನು ಈ ಟ್ಯೂಬಿನ ಮೇಲೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ನನ್ನ ಬೆನ್ನ ಹಿಂದೆ ಅವರು ನನ್ನನ್ನು ಟ್ಯೂಬು ಸಾರ್ ಎಂದು ಕರೆಯುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಬೇಸರವಾಗಲಿಲ್ಲ, ಒಂದು ಬಗೆಯ ಬಿರುದಿನಂತೆ ಇಟ್ಟುಕೊಂಡಿದ್ದೆ.

ಗನ್ನವರಂ ದಾಟಿ ಒಳಗೆ ಹೋದರೆ ಕಾಲುವೆಯ ಏರಿಯ ಮೇಲೆ ಒಂದು ಕಿರಿದಾದ ಡಾಂಬರು ರಸ್ತೆಯಿದೆ. ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಅಲ್ಲಿ ನಮ್ಮ ಕಂಪನಿಯ ಒಂದು ಗಾಡಿ ಟ್ರೇಲರ್ ತುಂಬ ಹುಲ್ಲು ಹೇರಿಕೊಂಡು ಹೋಗುವಾಗ, ತಿರುವಿನಲ್ಲಿ ತಿರುಗದೆ ನೆಟ್ಟಗೆ ಕಾಲುವೆಗೆ ಇಳಿಯಿತು. ಓಡಿಸುತ್ತಿದ್ದವನು ಆ ಊರಿನ ಜಮೀನ್ದಾರರ ಬಳಿ ಬಹಳ ವರ್ಷದಿಂದ ಇದ್ದ ಡ್ರೈವರು. ಅವನ ಹೆಂಡತಿ ಅದೇ ಗದ್ದೆಯಲ್ಲಿ ಕೂಲಿ ಮುಗಿಸಿ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತಿದ್ದಳು. ಅಲ್ಲಿ ಕೂರಬಾರದೆಂದು ನಾವು ಮಡ್‌ಗಾರ್ಡಿನ ಮೇಲೆಯೇ ಬರೆಸಿರುತ್ತೇವೆ, ಜನ ಆ ಅಕ್ಷರಗಳ ಮೇಲೆಯೇ ಕೂರುತ್ತಾರೆ. ಗಾಡಿ ಮಗುಚಿ ಅವಳು ಅಡಿಯಲ್ಲಿ ಸಿಕ್ಕಿ ನೀರಿನಲ್ಲಿ ಸತ್ತಳು. ಅವನ ಬಲಗಾಲು ಜಜ್ಜಿಹೋಗಿ, ವಿಜಯವಾಡದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಮನೆಯಲ್ಲಿ ಹತ್ತು ವರ್ಷದ ಒಬ್ಬಳೇ ಮಗಳಿದ್ದಳು.

ಎರಡು ದಿನದ ಮೇಲೆ ಗಾಡಿಯನ್ನು ಆಟೋನಗರದ ಶೆಡ್ಡಿಗೆ ಎಳೆದು ತಂದರು. ನಾನು ಹೋಗಿ ಮುಂದಿನ ಆಕ್ಸಲ್ ಬಿಚ್ಚಿಸಿದೆ. ಪಿನಿಯನ್ ಎಂಬ ಸಣ್ಣ ಗೇರಿನ ಎರಡು ಹಲ್ಲು ಮುರಿದಿದ್ದವು. ಮುರಿದ ತುಂಡು ದೊಡ್ಡ ಗೇರಿನ ಸಂದಿಯಲ್ಲಿ ಸಿಕ್ಕಿಕೊಂಡು ಮುಂದಿನ ಚಕ್ರಗಳು ಹಾಗೇ ಹಿಡಿದು ನಿಂತಿದ್ದವು. ಚಕ್ರ ತಿರುಗದಿದ್ದರೆ ಸ್ಟೀರಿಂಗ್ ತಿರುಗಿಸಿ ಏನು ಪ್ರಯೋಜನ? ಅದಕ್ಕೇ ಗಾಡಿ ತಿರುವಿನಲ್ಲಿ ನೆಟ್ಟಗೆ ಹೋದದ್ದು. ಸೀಟಿನ ಪಕ್ಕ ಬಗ್ಗಿ ನೋಡಿದೆ. ಲೀವರು ಕೆಳಗಿತ್ತು, ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಎಷ್ಟು ಸಲ ಬಡಕೊಂಡಿದ್ದೆ ಇವರಿಗೆ! ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆದು, ಕೈ ತೊಳೆದು, ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆದೆ. ಕಾರಣ: ಚಾಲಕನ ತಪ್ಪು ಬಳಕೆ. ಫೋರ್ ವೀಲ್ ಲೀವರನ್ನು ಕೆಳಗೆ ಕಟ್ಟಿಹಾಕಿ ಗಟ್ಟಿ ರಸ್ತೆಯಲ್ಲಿ ಓಡಿಸಿದ್ದು.

ಅವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು.

“ಆ ಡ್ರೈವರನ್ನ ಮಾತಾಡ್ಸಿದ್ರೇನ್ರಿ?” ಎಂದಳು.

“ಅಂವ ಆಸ್ಪತ್ರ್ಯಾಗ ಅದಾನ. ಮಾತಾಡ್ಸಿದ್ರೂ ಏನ್ ಹೇಳ್ತಾನ? ಎಲ್ಲಾರೂ ಹೇಳೂದು ಒಂದ ಮಾತು, ನಾ ಹಾಕಿದ್ದಿಲ್ಲ ಅಂತ. ಕಬ್ಬಣ ಸುಳ್ಳ ಹೇಳಂಗಿಲ್ಲ.”

“ಕಬ್ಬಣಕ್ಕ ಬಾಯಿ ಎಲ್ಲೈತ್ರಿ, ಸುಳ್ಳ ಹೇಳಾಕ? ಅದರ ಪರವಾಗಿ ಮಾತಾಡಾವ್ರು ನೀವಾ” ಎಂದು ಸಾರು ಹಾಕಿದಳು.

ನನಗೆ ಸಿಟ್ಟು ಬಂತು. ಹನ್ನೆರಡನೆಯ ಇಯತ್ತೆ ಓದಿದವಳು ನನಗೆ ಗೇರಿನ ಪಾಠ ಹೇಳುತ್ತಾಳಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳದೆ ಎದ್ದೆ.

ವರದಿಯ ಒಂದೊಂದು ಪ್ರತಿ ಪೊಲೀಸ್ ಠಾಣೆಗೆ, ಗಾಡಿಯ ಯಜಮಾನರಿಗೆ ಹೋಯಿತು. ಯಜಮಾನರು ಅದನ್ನು ತೆಲುಗಿನಲ್ಲಿ ಹೇಳಿಸಿಕೊಂಡು, ಸತ್ತವಳ ತಾಯಿಯ ಮನೆಗೆ ಹೋಗಿ ಎಲ್ಲರೆದುರು ಓದಿಸಿದರಂತೆ. ಕಂಪನಿಯ ಇಂಜಿನಿಯರೇ ಬರೆದುಕೊಟ್ಟಿದ್ದಾರೆ, ಇವನ ಬೇಜವಾಬ್ದಾರಿಯಿಂದಲೇ ಹೆಣ್ಣುಮಗಳು ಹೋದದ್ದು ಎಂದು ಊರು ತೀರ್ಮಾನ ಮಾಡಿತು. ಪೊಲೀಸರು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಓದಿ ಹೇಳಿದಾಗ ಅವನು ಹೌದೆಂದು ತಲೆಯಾಡಿಸಿದನಂತೆ. ಅತ್ತೆ ಬಂದು ಮೊಮ್ಮಗಳನ್ನು ಕರೆದುಕೊಂಡು ಹೋದಳು. ಇದನ್ನೆಲ್ಲ ನನಗೆ ಹೇಳಿದ್ದು ಶೆಡ್ಡಿನ ಫೋರ್‌ಮನ್. ತಲೆಯಾಡಿಸಿದ ಸುದ್ದಿ ಕೇಳಿ ನಾನು ಹೆಂಡತಿಗೆ ಫೋನು ಮಾಡಿ, ನೋಡಿದ್ಯಾ, ಒಪ್ಪಿಕೊಂಡಾನ ಎಂದೆ. ಆ ಒಂದು ಫೋನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ವರ್ಷ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಋಷಿಕೊಂಡಕ್ಕೆ ಹೋಗುವ ದಾರಿಯಲ್ಲಿ ಮನೆ ಹಿಡಿದೆವು. ಅಲ್ಲಿ ಕಡಲ ಗಾಳಿಗೆ ಕಬ್ಬಿಣ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ, ಮನೆಯ ಗೇಟಿನ ಚಿಲಕವನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಮಗ ಸ್ಕೂಲಿನಿಂದ ಬಂದು ತೆಲುಗಿನಲ್ಲಿ ಮಾತು ಶುರುಮಾಡುತ್ತಿದ್ದ, ಹೆಂಡತಿ ಹಾವೇರಿ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಗನ್ನವರಂನ ಗಾಡಿಯನ್ನು ನಾನು ಮರೆತೇಬಿಟ್ಟಿದ್ದೆ. ಮುಗಿದ ವರದಿ ಮುಗಿದಂತೆಯೇ.

ಅಚ್ಯುತಾಪುರಂನ ಒಂದು ಕಾರ್ಖಾನೆಯ ಆವರಣದಲ್ಲಿ ಹುಲ್ಲು ಕತ್ತರಿಸಲು, ಕಸ ಸಾಗಿಸಲು ಒಬ್ಬ ಕಂಟ್ರಾಕ್ಟರು ನಮ್ಮದೇ ಮಾದರಿಯ ಮೂರು ಗಾಡಿ ಇಟ್ಟಿದ್ದ. ಅಲ್ಲಿ ಕೆಸರು ಎಂಬುದೇ ಇಲ್ಲ, ಎಲ್ಲಿ ನೋಡಿದರೂ ಕಾಂಕ್ರೀಟು. ಫೋರ್ ವೀಲ್ ಹಾಕುವ ಪ್ರಸಂಗವೇ ಇಲ್ಲದ ಕಡೆ ಎರಡು ಗಾಡಿಗಳ ಮುಂದಿನ ಆಕ್ಸಲ್ ಮುರಿದಿತ್ತು. ಅಲ್ಲಿಯೂ ನಾನು ಕಣ್ಣು ಮುಚ್ಚಿ ತಪ್ಪು ಬಳಕೆ ಎಂದೇ ಬರೆದೆ. ಕಂಟ್ರಾಕ್ಟರು ಜಗಳ ತೆಗೆದ. ಮೂರನೆಯ ಗಾಡಿಯನ್ನಾದರೂ ಸರಿಯಾಗಿ ನೋಡಿ ಎಂದು ಹಟ ಹಿಡಿದದ್ದರಿಂದ ಹೋದೆ. ಹೋಗಿ ನೋಡುತ್ತೇನೆ, ಅಲ್ಲಿಯೂ ಲೀವರಿಗೆ ಸೈಕಲ್ ಟ್ಯೂಬು ಕಟ್ಟಿದೆ.

ಆ ಗಾಡಿಗಳ ಮೆಕ್ಯಾನಿಕ್ಕು ಬಳ್ಳಾರಿ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಕನ್ನಡದವರೆಂಬ ಸಲಿಗೆಯಿಂದ ಅವರ ಮೇಲೆ ಹರಿಹಾಯ್ದೆ.

“ಏನ್ರಿ ಅಣ್ಣಾ, ಇಲ್ಲೂ ಹತ್ತೇತೇನು ಈ ಟ್ಯೂಬಿನ ಚಟ?”

“ಸಾರ್, ಇದು ಬೀಳ್ದಂಗ ಕಟ್ಟಿದ್ದು” ಎಂದರು ಅವರು, ತಣ್ಣಗೆ.

“ಬೀಳ್ದಂಗ ಅಂದ್ರ?”

“ಕೆಳಗ ಎಲ್ಲಿ ಕಟ್ಟೀವಿ, ನೀವಾ ನೋಡ್ರಿ. ಮ್ಯಾಲೆ ಸೀಟಿನ ಕಂಬಿಗೆ ಕಟ್ಟೀವಿ. ಬಿಚ್ಚಿದ್ರ ಲೀವರು ತಾನಾ ಕೆಳಗ ಇಳೀತೈತಿ ಸಾರ್. ಎಲ್ಲಾ ಗಾಡಿದೂ ಅದಾ ಕತಿ.”

ನಾನು ನಂಬಲಿಲ್ಲ. ಅವರು ಟ್ಯೂಬು ಬಿಚ್ಚಿ, ಲೀವರನ್ನು ಮೇಲಕ್ಕೆತ್ತಿ ಕೂರಿಸಿ, ನನ್ನನ್ನು ಪಕ್ಕದಲ್ಲಿ ನಡೆಯಲು ಹೇಳಿ ಗಾಡಿ ಬಿಟ್ಟರು. ಮೊದಲ ಸ್ಪೀಡ್ ಬ್ರೇಕರಿನಲ್ಲಿ ಲೀವರು ಸ್ವಲ್ಪ ಅಲುಗಿತು. ಎರಡನೆಯದರಲ್ಲಿ, ಯಾರೂ ಮುಟ್ಟದೆ, ಮೆಲ್ಲಗೆ ಕೆಳಗಿಳಿದು ಕೂತಿತು. ಇಂಜಿನ್ನಿನ ಸದ್ದಿನಲ್ಲಿ ಅದು ಬಿದ್ದ ಸದ್ದೇ ಕೇಳಲಿಲ್ಲ. ಅವರು ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದರು.

ಸಂಜೆಯೊಳಗೆ ಲೀವರಿನ ಬುಡ ಬಿಚ್ಚಿಸಿ ನೋಡಿದೆವು. ಲೀವರನ್ನು ಮೇಲಿನ ಸ್ಥಾನದಲ್ಲಿ ಹಿಡಿದಿಡಬೇಕಾದ್ದು ಕಡಲೆಕಾಳಿನಷ್ಟು ಒಂದು ಉಕ್ಕಿನ ಗುಂಡು, ಅದನ್ನು ಒತ್ತುವ ಒಂದು ಸ್ಪ್ರಿಂಗು. ಆ ಸ್ಪ್ರಿಂಗು ಕೈಬೆರಳಿನಲ್ಲಿ ಒತ್ತಿದರೆ ಮಡಚುವಷ್ಟು ಸತ್ತಿತ್ತು. ಹಾಗಾದರೆ ತಪ್ಪು ಓಡಿಸುವವರದಲ್ಲ, ಮಾಡಿದ ನಮ್ಮದು. ಆಗ ಗನ್ನವರಂನ ಗಾಡಿಯ ಟ್ಯೂಬು ನೆನಪಿಗೆ ಬಂತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ಮೂಲೆ ಹಿಡಿದು, ಲ್ಯಾಪ್‌ಟಾಪಿನಲ್ಲಿ ಗನ್ನವರಂನ ಫೈಲು ತೆರೆದೆ.

ಫೋಟೋದಲ್ಲಿ ಎಲ್ಲವೂ ಇತ್ತು. ಲೀವರಿಗೆ ಸುತ್ತಿದ ಪಟ್ಟಿಯ ತುದಿ ಹರಿದಿತ್ತು. ಅದರ ಇನ್ನೊಂದು ತುಂಡು ಕಾಲಿನ ತಗಡಿನ ಹತ್ತಿರ ಇರಲಿಲ್ಲ, ಮೇಲೆ ಸೀಟಿನ ಕಂಬಿಗೆ ಬಿಗಿದ ಗಂಟಿನಲ್ಲಿ ನೇತಾಡುತ್ತಿತ್ತು. ಟ್ಯೂಬು ಹರಿದದ್ದು ಎರಡು ಪಂಕ್ಚರ್ ತೇಪೆಗಳ ನಡುವೆ. ಇನ್ನೊಂದು ಫೋಟೋದಲ್ಲಿ ಮುಂದಿನ ಟೈರು. ಸದಾ ಫೋರ್ ವೀಲಿನಲ್ಲಿ ಓಡಿದ ಗಾಡಿಯ ಮುಂದಿನ ಟೈರು ಸವೆದು ಬೋಳಾಗಿರಬೇಕು. ಇದರ ರಬ್ಬರಿನ ಗುಬಟುಗಳು ಹೊಸದರಂತೆ ಎದ್ದುನಿಂತಿದ್ದವು. ಶಿಬಿರಗಳಲ್ಲಿ ಟೈರು ನೋಡಿ ಕಳ್ಳನನ್ನು ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದವನು ನಾನೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮಪ್ಪ ದಿನಕ್ಕೊಮ್ಮೆ ಹೇಳುತ್ತಿದ್ದರು. ನಾನು ಪ್ರತ್ಯಕ್ಷ ಕಂಡದ್ದನ್ನೂ ಕಂಡಿರಲಿಲ್ಲ. ಟ್ಯೂಬು ಕಂಡಿತು, ಅಲ್ಲಿಗೆ ಕಣ್ಣಿನ ಕೆಲಸ ಮುಗಿದುಹೋಗಿತ್ತು.

ಆ ಮನುಷ್ಯ ಎಲ್ಲರಿಗಿಂತ ಜಾಗ್ರತೆಯವನಾಗಿದ್ದ. ಲೀವರು ಬೀಳುತ್ತದೆಂದು ತಿಳಿದು, ಬೀಳದಂತೆ ಕಟ್ಟಿ ಓಡಿಸಿದ್ದ. ಅವನೇ ಹೆಂಡತಿಯನ್ನು ಕೊಂದವನೆಂದು ನಾನು ಸಹಿ ಹಾಕಿ ಕೊಟ್ಟಿದ್ದೆ.

ಮೂರು ಗಾಡಿಗಳ ವರದಿಯನ್ನು, ಸ್ಪ್ರಿಂಗಿನ ಸಮೇತ, ಕಂಪನಿಗೆ ಕಳಿಸಿದೆ. ಕಂಪನಿ ಆಶ್ಚರ್ಯವಾಗುವಷ್ಟು ಬೇಗ ಎದ್ದಿತು. ಮುಂದಿನ ಸರ್ವಿಸಿನಲ್ಲಿ ಎಲ್ಲ ಗಾಡಿಗಳಿಗೂ ಗಟ್ಟಿ ಸ್ಪ್ರಿಂಗು ಹಾಕಬೇಕೆಂಬ ಸುತ್ತೋಲೆ ಬಂತು. ಅದರಲ್ಲಿ ದೋಷ ಎಂಬ ಪದ ಎಲ್ಲಿಯೂ ಇಲ್ಲ, ಸುಧಾರಣೆ ಎಂದಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗನ್ನವರಂನ ಹಳೆಯ ವರದಿಯನ್ನು ತಿದ್ದಬೇಕೆಂದು ಕೇಳಿದ್ದಕ್ಕೆ ಮಾತ್ರ ನನ್ನ ಮೇಲಿನವರು ಹತ್ತು ನೆಪ ಹೇಳಿದರು. ಕೊನೆಗೆ, ಚಾಲಕ ಆಗ ತಪ್ಪು ಒಪ್ಪಿಕೊಂಡಿದ್ದಾನಲ್ಲ, ಈಗ ಲೀವರು ಮೇಲೆ ಕಟ್ಟಿತ್ತೆಂದು ಅವನೇ ಬರೆದು ಸಹಿ ಮಾಡಿದರೆ ಫೈಲು ತೆರೆಯೋಣ, ಇಲ್ಲದಿದ್ದರೆ ಕೆದಕುವುದು ಬೇಡ ಎಂದರು. ಸಹಿ ಸಿಗಲಾರದೆಂಬ ನಂಬಿಕೆ ಅವರ ದನಿಯಲ್ಲಿತ್ತು.

ಮನೆಯಲ್ಲಿ ಹೇಳಿದೆ. ಅಂದಿನ ಮಾತನ್ನು ಹೆಂಡತಿ ಎತ್ತಿ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

“ಹೋಗಿ ಬರ್ರಿ” ಎಂದಳು. “ಆ ಹುಡುಗಿಗಾದ್ರೂ ತಿಳೀಲಿ, ಅವರಪ್ಪ ಏನೂ ಮಾಡಿಲ್ಲ ಅಂತ.”

ಅದೊಂದೇ ಮಾತು ತಲೆಯಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೊರಟೆ. ಹೇಳಿಕೆಯನ್ನು ತೆಲುಗಿನಲ್ಲಿ ಟೈಪು ಮಾಡಿಸಿ ಇಟ್ಟುಕೊಂಡಿದ್ದೆ. ಸಹಿಗೆ ಜಾಗ ಬಿಟ್ಟಿದ್ದೆ. ಹಳೆಯ ವರದಿಯನ್ನು ಓದಿಸಿದ ಕಡೆಯೇ ಹೋಗಿ, ಅವನ ಅತ್ತೆಯ ಮನೆಯ ಮುಂದೆಯೇ ಇದನ್ನು ಓದಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಎಷ್ಟು ಚೆನ್ನಾಗಿ ಕ್ಷಮೆ ಕೇಳಬಲ್ಲೆನೆಂದು ನೋಡಿಕೊಂಡು ಕಣ್ಣು ತೇವವಾಯಿತು. ಇದನ್ನು ಬರೆಯಲು ಮುಜುಗರವಾಗುತ್ತದೆ, ಆದರೆ ಹಾಗೇ ಆಯಿತು.

ಆ ಡ್ರೈವರು ಈಗ ತನ್ನ ಊರು, ಅತ್ತೆಯ ಊರುಗಳ ನಡುವಿನ ಕೂಡುರಸ್ತೆಯ ದನದ ದಾಣಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದ. ಮೂಟೆಗಳ ನಡುವೆ ಕುರ್ಚಿ ಹಾಕಿಕೊಂಡು, ಊರುಗೋಲನ್ನು ಗೋಡೆಗೆ ಒರಗಿಸಿ ಕೂತಿದ್ದ. ನಾನು ಯಾರೆಂದು ಹೇಳಿದೆ. ಅವನು ಗೋಡೆ ಹಿಡಿದು ಎದ್ದುನಿಂತ. ನಾನು ಬೇಡವೆಂದರೂ ಕೂರಲಿಲ್ಲ, ನನಗೆ ಕುರ್ಚಿ ಬಿಟ್ಟುಕೊಟ್ಟು ಮೂಟೆಯ ಮೇಲೆ ಕೂತ. ವಿಮಾನ ನಿಲ್ದಾಣದ ಕಡೆಗೆ ಇಳಿಯುತ್ತಿದ್ದ ವಿಮಾನವೊಂದು ತಲೆಯ ಮೇಲೆಯೇ ಹೋಯಿತು. ಆಮೇಲೆ ನಾನು ತೆಲುಗಿನಲ್ಲಿ, ನನಗೆ ಬಂದಷ್ಟು, ಎಲ್ಲವನ್ನೂ ಹೇಳಿದೆ. ಸ್ಪ್ರಿಂಗಿನದು, ಅಚ್ಯುತಾಪುರಂನದು, ಫೋಟೋದ್ದು. ತಪ್ಪು ನನ್ನದು, ಕಂಪನಿಯದು ಎಂದೆ. ಹೇಳಿಕೆಯ ಕಾಗದವನ್ನು ಅವನ ಪಕ್ಕದಲ್ಲಿಟ್ಟು, ಮೊಬೈಲಿನಲ್ಲಿ ಫೋಟೋ ತೆರೆದು ಅವನ ಕೈಗೆ ಕೊಟ್ಟೆ.

ಅವನು ಅದನ್ನು ಬಹಳ ಹೊತ್ತು ನೋಡಲಿಲ್ಲ. ಒಮ್ಮೆ ನೋಡಿ ಹಿಂದಕ್ಕೆ ಕೊಟ್ಟ.

“ನನಗೆ ಗೊತ್ತು ಸಾರ್” ಎಂದ. “ಕಟ್ಟಿದವನು ನಾನಲ್ಲವಾ? ಮೇಲೇ ಕಟ್ಟಿದ್ದೆ.”

“ಮತ್ತೆ ಪೊಲೀಸರು ಓದಿದಾಗ ಹೌದು ಅಂದಿರಂತೆ?”

“ಅಂದೆ.”

“ಯಾಕೆ?”

ಅವನು ರಸ್ತೆಯ ಕಡೆ ನೋಡಿದ. ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದ. ಹಳೆಯ ಟ್ಯೂಬು ಅವತ್ತು ಬೆಳಿಗ್ಗೆ ಹರಿದುಹೋಗಿತ್ತು. ಇನ್ನೊಂದು ಸಿಗದೆ ಮನೆಯಲ್ಲಿ ಹುಡುಕುತ್ತಿದ್ದ. ಮಗಳು ಸ್ಕೂಲಿಗೆ ಹೊರಟವಳು, ತನ್ನ ಸೈಕಲ್ಲಿನ ಬಿಚ್ಚಿಟ್ಟ ಟ್ಯೂಬು ಅಟ್ಟದಿಂದ ಎಳೆದು ತಂದು, ಇದು ಸಾಕಾ ನಾನ್ನಾ ಎಂದು ಕೊಟ್ಟಿದ್ದಳು. ನಾನ್ನಾ ಎಂದರೆ ಅವರಲ್ಲಿ ಅಪ್ಪ. ಅದು ತೇಪೆ ಹಾಕಿದ ಟ್ಯೂಬು. ಸಾಕು ಎಂದು ಅವನು ಅದನ್ನೇ ಸೀಳಿ ಕಟ್ಟಿದ್ದ.

“ಆಸ್ಪತ್ರೆಯಲ್ಲಿ ಎಚ್ಚರ ಆದಾಗ ಮೊದಲು ಅದೇ ನೆನಪಾಯಿತು ಸಾರ್. ಹೆಂಡತಿ ಹೋದಳು ಅನ್ನೋದು ಆಮೇಲೆ. ಟ್ಯೂಬು ಹರಿದಿತ್ತು ಅಂತ ನಾನು ಬಾಯಿ ಬಿಟ್ಟರೆ ಯಾವ ಟ್ಯೂಬು ಅಂತ ಕೇಳುತ್ತಾರೆ. ಕೇಳದಿದ್ದರೂ ಅವಳಿಗೆ ಗೊತ್ತಾಗುತ್ತೆ. ಅಷ್ಟರಲ್ಲಿ ನಿಮ್ಮ ಕಾಗದ ಬಂತು. ಕೆಳಗೆ ಕಟ್ಟಿದ್ದ ಅಂತ ಇತ್ತು. ಕೆಳಗೆ ಕಟ್ಟಿದ್ದರೆ ಟ್ಯೂಬು ಹರಿದರೂ ಒಂದೇ, ಹರಿಯದಿದ್ದರೂ ಒಂದೇ. ನಾನು ಹೌದು ಅಂದೆ.”

ನಾನು ಸುಮ್ಮನಿರಲಾರದೆ ವಾದಕ್ಕಿಳಿದೆ. ಟ್ಯೂಬಿನದೇನೂ ತಪ್ಪಿಲ್ಲ, ಲೀವರನ್ನು ಹಿಡಿಯಬೇಕಾದದ್ದು ಸ್ಪ್ರಿಂಗು, ಅದು ಸರಿಯಿದ್ದಿದ್ದರೆ ಟ್ಯೂಬೇ ಬೇಕಿರಲಿಲ್ಲ ಎಂದೆ. ಅವಳಿಗೆ ನಾನೇ ಬಿಡಿಸಿ ಹೇಳುತ್ತೇನೆ ಎಂದೆ.

“ನೀವು ಇಂಜಿನಿಯರು, ನಿಮಗೆ ಸ್ಪ್ರಿಂಗು ಕಾಣುತ್ತೆ” ಎಂದ ಅವನು. “ಹನ್ನೆರಡು ವರ್ಷದ ಹುಡುಗಿಗೆ ತನ್ನ ಟ್ಯೂಬು ಕಾಣುತ್ತೆ. ಈಗ ಅವಳಿಗೆ ನನ್ನ ಮೇಲೆ ಸಿಟ್ಟಿದೆ. ಇರಲಿ ಬಿಡಿ. ಅಪ್ಪನ ಮೇಲೆ ಸಿಟ್ಟಿಟ್ಟುಕೊಂಡು ಮಕ್ಕಳು ಬದುಕುತ್ತಾರೆ. ತನ್ನ ಮೇಲೇ ಬಂದರೆ?”

ಅವನು ಹೇಳಿಕೆಯ ಕಾಗದವನ್ನು ಓದದೆಯೇ ನಾಲ್ಕಾಗಿ ಮಡಚಿ ನನ್ನ ಜೇಬಿಗಿಟ್ಟ. ನನ್ನನ್ನು ಸಮಾಧಾನ ಮಾಡುವವನಂತೆ, ಅಂಗಡಿಯ ಕೆಲಸ ಕಷ್ಟವೇನಿಲ್ಲ, ಅತ್ತೆಯ ಮನೆಗೆ ಎರಡು ಎಮ್ಮೆ ಇವೆ, ವಾರಕ್ಕೊಮ್ಮೆ ತೌಡಿಗೆ ಮಗಳನ್ನೇ ಕಳಿಸುತ್ತಾರೆ, ಬೇರೆ ಕಡೆ ಕೆಲಸ ಸಿಗುತ್ತಿತ್ತು, ಅವಳು ಬರುತ್ತಾಳೆಂದೇ ಇಲ್ಲಿ ಹಿಡಿದೆ ಎಂದ. ನನ್ನ ಸುಳ್ಳು ಒಬ್ಬನಿಗೆ ನೆರಳಾಯಿತೆಂದು ನಾನು ಹಗುರಾಗಬಹುದಿತ್ತು. ಆಗಲಿಲ್ಲ. ನಾನು ಒಂದು ಸಲ ಆಸ್ಪತ್ರೆಗೆ ಹೋಗಿ ಮಾತಾಡಿಸಿದ್ದರೆ, ಟ್ಯೂಬಿನ ಮಾತೇ ಬರದಂತೆ ಸ್ಪ್ರಿಂಗಿನ ಕಾರಣ ಬರೆಯಬಹುದಿತ್ತು. ಮಗಳು ಅವನ ಬಳಿಯೇ ಇರುತ್ತಿದ್ದಳು. ಈಗ ಎಲ್ಲರ ಬಾಯಲ್ಲೂ ಟ್ಯೂಬು ನಿಂತುಬಿಟ್ಟಿತ್ತು, ನಿಲ್ಲಿಸಿದವನು ನಾನು.

ಹೊರಡಲು ಎದ್ದಾಗ ಸೈಕಲ್ ನಿಲ್ಲಿಸಿದ ಸದ್ದಾಯಿತು. ಯೂನಿಫಾರಮ್ಮಿನಲ್ಲಿದ್ದ ಹುಡುಗಿ, ಎರಡು ಜಡೆ, ಎತ್ತರಕ್ಕೆ ಬೆಳೆದಿದ್ದಳು. ಅವನು ತಟ್ಟನೆ ಎದ್ದುನಿಂತು ಅಂಗಿಯ ಹಿಟ್ಟು ಕೊಡವಿಕೊಂಡ. ಅವಳು ಅವನ ಮುಖ ನೋಡದೆ, ತಕ್ಕಡಿಯ ಕಡೆ ತಿರುಗಿ ಹೇಳಿದಳು.

“ಹತ್ತು ಕೇಜಿ ತೌಡು. ಅಮ್ಮಮ್ಮ ಹಿಂಡಿ ಬೇಡ ಅಂದಳು.”

ಅವನು ತೂಗಿದ. ಮುಳ್ಳು ಸರಿನಿಂತ ಮೇಲೂ ಇನ್ನೊಂದು ಬೊಗಸೆ ಹಾಕಿದ. ಅವಳು ನನ್ನನ್ನು, ನನ್ನ ಅಂಗಿಯ ಜೇಬಿನ ಮೇಲಿದ್ದ ಕಂಪನಿಯ ಗುರುತನ್ನು ನೋಡುತ್ತಿದ್ದಳು. ಆ ಗುರುತು ಗಾಡಿಯ ಮೂತಿಯ ಮೇಲೂ ಇರುತ್ತದೆ.

“ನೀವು ಟ್ರ್ಯಾಕ್ಟರ್ ಕಂಪನಿಯವರಾ ಸಾರ್?”

“ಹೌದಮ್ಮಾ.”

“ನಮ್ಮಮ್ಮ ಸತ್ತಾಗ ಕಾಗದ ಬರೆದದ್ದು ನಿಮ್ಮ ಕಂಪನಿಯವರೇನಾ?”

“ನಾನೇ ಬರೆದದ್ದು.”

ಚೀಲದ ಬಾಯಿ ಕಟ್ಟುತ್ತಿದ್ದ ಅವನ ಕೈ ನಿಂತಿತು. ಹುಡುಗಿ ದನಿ ತಗ್ಗಿಸಿ ಕೇಳಿದಳು. ಅದು ಎರಡು ವರ್ಷದಿಂದ ಅವಳಲ್ಲಿ ಇದ್ದ ಪ್ರಶ್ನೆಯೆಂದು ಕೇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬೇರೊಂದು ಉತ್ತರ ಬರಲೆಂದು ಅವಳು ಕಾದಿದ್ದಳು ಎಂಬುದೂ ಗೊತ್ತಾಗುತ್ತಿತ್ತು.

“ಅದರಲ್ಲಿ ಇರೋದು ನಿಜಾನಾ ಸಾರ್? ಸರಿಯಾಗಿ ನೋಡಿದ್ರಾ?”

ಮಡಚಿದ ಕಾಗದ ಜೇಬಿನಲ್ಲಿತ್ತು. ಅವನು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ.

“ನಿಜ ತಾಯಿ” ಎಂದೆ. “ಸರಿಯಾಗಿ ನೋಡಿದೆ.”

ಅವಳು ತಲೆಯಾಡಿಸಿದಳು. ಚೀಲವನ್ನು ಅಪ್ಪನ ಕೈಯಿಂದ ತೆಗೆದುಕೊಳ್ಳಲಿಲ್ಲ, ಅವನು ಅದನ್ನು ನೆಲಕ್ಕಿಡುವವರೆಗೆ ಕಾದು, ಆಮೇಲೆ ಎತ್ತಿಕೊಂಡು ಹೋದಳು.